ಎರಡು ಮಾಳಿಗೆ, ಒಂದು ಫೋನು

ನಮ್ಮ ಮನೆತನ ಪಾಲಾದಾಗ ಎಲ್ಲವೂ ಹಂಚಿಕೆಯಾಯಿತು, ಫೋನೊಂದನ್ನು ಬಿಟ್ಟು. ಹಿರಿಯರು ಜಮಖಾನದ ಮೇಲೆ ಕೂತು ಹಿತ್ತಾಳೆ ಹಂಡೆ, ಬೀಸುವ ಕಲ್ಲು, ಕೊನೆಗೆ ಅಜ್ಜನ ಆರಾಮ ಕುರ್ಚಿಯ ತನಕ ಎಲ್ಲವನ್ನೂ ಇದು ಅವನಿಗೆ, ಇದು ಇವನಿಗೆ ಎಂದು ಬೇರೆ ಮಾಡಿದರು. ದಾವಣಗೆರೆ ಹಳೇಪೇಟೆಯ ಮನೆ ಮತ್ತು ಕಿರಾಣಿ ಅಂಗಡಿ ಚಿಕ್ಕಪ್ಪನಿಗೆ. ಆನಗೋಡಿನ ಹೊಲ ಮತ್ತು ಎಂ.ಸಿ.ಸಿ. ಬಡಾವಣೆಯ ಹೊಸ ಮನೆ ಅಪ್ಪನಿಗೆ. ಫೋನಿನ ಹತ್ತಿರ ಬಂದಾಗ ಮಾತ್ರ ಹಿರಿಯರು ತಡವರಿಸಿದರು. ಅದು ತೀರಿಹೋದ ಅಜ್ಜನ ಹೆಸರಿನಲ್ಲಿತ್ತು, ನಂಟರಿಷ್ಟರಿಗೆಲ್ಲ ಅದೇ ನಂಬರು ಬಾಯಿಪಾಠವಾಗಿತ್ತು. ಕೊನೆಗೆ ಬಾವಿಯ ನ್ಯಾಯವನ್ನೇ ಫೋನಿಗೂ ಹಚ್ಚಿದರು. ಬಾವಿ ಯಾರ ಪಾಲಿಗೆ ಹೋದರೂ ನೀರಿಗೆ ಇಬ್ಬರಿಗೂ ಹಕ್ಕಿರುತ್ತದೆ. ಹಾಗೆಯೇ ಫೋನು ಹಳೆ ಮನೆಯಲ್ಲಿರಲಿ, ಅಣ್ಣ ಬಂದು ಮಾತಾಡಿಕೊಂಡು ಹೋಗಲಿ ಎಂದರು.

ಅಪ್ಪ ಈ ಹಕ್ಕನ್ನು ಒಂದು ದಿನವೂ ಬಿಟ್ಟುಕೊಡಲಿಲ್ಲ. ಹರಿಹರದಲ್ಲಿದ್ದ ನಮ್ಮ ಸೋದರತ್ತೆ ಸಂಜೆ ಏಳಕ್ಕೆ ಫೋನು ಮಾಡುತ್ತಾಳೆ ಎಂಬುದು ಅವರ ನೆಪ. ಒಗೆದ ಅಂಗಿ ಹಾಕಿಕೊಂಡು, ಹಣೆಗೆ ಈಬತ್ತಿ ಹಚ್ಚಿಕೊಂಡು, ಮೊಣಕಾಲು ನೋಯುತ್ತಿದ್ದರೂ ನಡೆದೇ ಹೋಗುತ್ತಿದ್ದರು. ಹೊಸ ಫೋನಿಗೆ ಅರ್ಜಿ ಹಾಕೋಣ ಎಂದು ನಾನು ಎಷ್ಟು ಸಲ ಹೇಳಿದರೂ, ಒಂದು ಫೋನು ಇರುವಾಗ ಇನ್ನೊಂದು ಯಾಕೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಗ ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ, ಎಲ್ಲದಕ್ಕೂ ಸಿಡುಕುವ ವಯಸ್ಸು. ಅತ್ತೆಯ ಜೊತೆ ಎರಡು ಮಾತಾಡಲು ಅಪ್ಪ ಅಷ್ಟು ದೂರ ಯಾಕೆ ನಡೆಯಬೇಕು ಎಂಬುದು ನನ್ನ ತಲೆಗೆ ಹೋಗುತ್ತಿರಲಿಲ್ಲ. ಅಲ್ಲಿ ಅವರು ಫೋನಿನಲ್ಲಿ ಮಾತಾಡುವುದು ಸ್ವಲ್ಪ, ಚಿಕ್ಕಪ್ಪನ ಎದುರು ಸುಮ್ಮನೆ ಕೂರುವುದೇ ಹೆಚ್ಚು ಎಂದು ಆಮೇಲೆ ಗೊತ್ತಾಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ವ್ಯಾಪಾರಸ್ಥರ ಕೈಯಲ್ಲೆಲ್ಲ ಉದ್ದ ಕಡ್ಡಿಯ ಕಾರ್ಡ್‌ಲೆಸ್ ಫೋನು ಕಾಣಿಸತೊಡಗಿತು. ಒಂದು ದಿನ ಚಿಕ್ಕಪ್ಪ ಹೇಳದೆ ಕೇಳದೆ ಅಂಥದ್ದೊಂದನ್ನು ತಂದರು. ಡಬ್ಬಿಯನ್ನು ಹಳೆ ಮನೆಯ ಫೋನಿಗೆ ಜೋಡಿಸಿಕೊಂಡು, ಕೈಯಲ್ಲಿ ಹಿಡಿಯುವ ಸೆಟ್ಟನ್ನು ಅಂಗಡಿಯ ಆಳಿನ ಕೈಲಿ ನಮ್ಮ ಮನೆಗೆ ಕಳಿಸಿದರು. ಇನ್ನು ಮೇಲೆ ಅಣ್ಣ ಮನೆಯಲ್ಲೇ ಕೂತು ಮಾತಾಡಬಹುದಂತೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಂತೋಷವಾಯಿತೋ ಬೇಸರವಾಯಿತೋ ಅವರ ಮುಖ ನೋಡಿ ಹೇಳುವುದು ಕಷ್ಟವಾಗಿತ್ತು.

ಅದೃಷ್ಟಕ್ಕೋ ದುರದೃಷ್ಟಕ್ಕೋ ಅದರ ಸಿಗ್ನಲ್ಲು ನಮ್ಮ ಮನೆಗೆ ಮುಟ್ಟಲೇ ಇಲ್ಲ. ಹಳೇಪೇಟೆಯ ಓಣಿ ದಾಟುವಷ್ಟರಲ್ಲಿ ಅದರ ಉಸಿರು ನಿಲ್ಲುತ್ತಿತ್ತು. ಅಪ್ಪ ಮತ್ತೆ ಏಳಕ್ಕೆ ಹೊರಟರು, ಅದೂ ತುಸು ಹುರುಪಿನಿಂದಲೇ. ಆದರೆ ಚಿಕ್ಕಪ್ಪ ಹಿಡಿದ ಹಟ ಬಿಡುವವರಲ್ಲ. ಫೋನು ಮಾರಿದ ಅಂಗಡಿಯವರನ್ನು ಕರೆಸಿ ಹಳೆ ಮನೆಯ ಮಾಳಿಗೆಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತುದಿಗೆ ಏರಿಯಲ್ ಕಟ್ಟಿಸಿದರು. ಆಗ ನಮ್ಮ ಮನೆಯಲ್ಲಿ ಗರ್ ಎನ್ನುವ ಸದ್ದಿನ ನಡುವೆ ಅತ್ತೆಯ ದನಿ ಸಣ್ಣಗೆ ಕೇಳಿತು, ಅದೂ ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮಾತ್ರ. ಒಣಹಾಕಿದ ಸಂಡಿಗೆಯ ನಡುವೆ ಕಾಲಿಡಲು ಜಾಗ ಹುಡುಕುತ್ತ ಅಪ್ಪ ಹಲೋ ಹಲೋ ಎನ್ನುವುದನ್ನು ನೋಡಿ ಪಕ್ಕದ ಮನೆಯವರು ನಕ್ಕರು. ಅದು ಚಿಕ್ಕಪ್ಪನ ಕಿವಿಗೂ ಬಿತ್ತು. ಅಂಗಡಿಯವರು ಬಂದು ನಮ್ಮ ಮಾಳಿಗೆಯ ಮೇಲೂ ಒಂದು ಏರಿಯಲ್ ನಿಲ್ಲಿಸಿ, ಅದರ ಕೇಬಲ್ಲನ್ನು ಕೆಳಗೆ ಪಡಸಾಲೆಯಲ್ಲಿ ಸೆಟ್ಟು ಇಡುವ ಸ್ಟ್ಯಾಂಡಿಗೆ ಜೋಡಿಸಿದರು. ಇದಕ್ಕೆಲ್ಲ ಸರ್ಕಾರದ ಪರವಾನಗಿ ಬೇಕೋ ಬೇಡವೋ, ಯಾರೂ ಕೇಳಲಿಲ್ಲ.

ಆ ಸಂಜೆ ಅತ್ತೆಯ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳಿತು. ಮಾತು ಮುಗಿದ ಮೇಲೆ ಅಪ್ಪ ಸೆಟ್ಟನ್ನು ಸ್ಟ್ಯಾಂಡಿನಲ್ಲಿಟ್ಟು ಕುರ್ಚಿಯಲ್ಲೇ ಕೂತರು. ಒಗೆದ ಅಂಗಿ ಹಾಕಿಕೊಂಡಿದ್ದರು. ಹೋಗಲು ಜಾಗವೇ ಇರಲಿಲ್ಲ.

ಗೊಂದಲ ಶುರುವಾದದ್ದು ಅಲ್ಲಿಂದ. ಚಿಕ್ಕಪ್ಪ ಇಷ್ಟೆಲ್ಲ ಮಾಡಿದ್ದು ಅಣ್ಣನ ಮೊಣಕಾಲು ನೋವಿಗೆ ಮರುಗಿಯೋ, ಇಲ್ಲಾ ದಿನಾ ಬರುವವನನ್ನು ಬಾಗಿಲಿನಿಂದಾಚೆ ಇಡಲಿಕ್ಕೋ? ಅವ್ವನಿಗೆ ಮಾತ್ರ ಸಂಶಯವೇ ಇರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಲೇ ನನಗೆ ತಿಳಿಸಿ ಹೇಳಿದಳು: "ಬರಬ್ಯಾಡ ಅಂತ ಬಾಯಿಬಿಟ್ಟು ಹೇಳಾಕ ಆಗ್ಲಿಲ್ಲ, ಕಂಬ ನೆಟ್ಟು ಹೇಳ್ಯಾರ." ಅವಳ ಮಾತು ಕೇಳಿದಾಗ ಹೌದೆನಿಸುತ್ತಿತ್ತು. ಮಾಳಿಗೆ ಹತ್ತಿ, ಇಷ್ಟು ಖರ್ಚು ಮಾಡಿ ಹಾಕಿಸಿದ ಏರಿಯಲ್ ನೋಡಿದರೆ ಇಲ್ಲವೆನಿಸುತ್ತಿತ್ತು. ಬೇಡವಾದವರಿಗೆ ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ? ನೇರವಾಗಿ ಕೇಳಿಬಿಡಿ ಎಂದರೆ ಅಪ್ಪ ನನ್ನ ಮೇಲೇ ರೇಗಿದರು. ಪಾಲಾದ ಅಣ್ಣತಮ್ಮಂದಿರು ಅಂಥದ್ದನ್ನೆಲ್ಲ ಕೇಳುವುದಿಲ್ಲವಂತೆ.

ಕೊನೆಗೆ ತಡೆಯಲಾರದೆ ನಾನೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅತ್ತೆ ಇಬ್ಬರ ಜೊತೆಗೂ ಮಾತಾಡುವವಳು, ಅವಳಿಗೆ ಗೊತ್ತಿರದೇ ಇರದು ಎಂದುಕೊಂಡಿದ್ದೆ. ಅವಳು ಮಂಡಕ್ಕಿ ಕಲಸಿ ತಟ್ಟೆಯನ್ನು ಮುಂದಿಟ್ಟು, ನಿನ್ನ ಚಿಕ್ಕಪ್ಪ ಏರಿಯಲ್ ಹಾಕಿಸುವ ಮೊದಲು ನನ್ನ ಹತ್ತಿರ ಮಾತಾಡಿದ್ದ ಎಂದಳು. ಮಳೆಯಲ್ಲಿ ಅಣ್ಣ ನೆನೆದುಕೊಂಡು ಬರುವುದನ್ನು ನೋಡಲಾಗುವುದಿಲ್ಲ ಅಂದಿದ್ದನಂತೆ. ನನಗೆ ಎದೆ ಹಗುರವಾಯಿತು. ಅಷ್ಟರಲ್ಲಿ ಅವಳೇ ಮುಂದುವರಿದಳು. ಅಣ್ಣ ಬಂದು ಮಾತಿಲ್ಲದೆ ಕೂತರೆ ಮನೆಯಲ್ಲಿ ಯಾರಿಗೂ ಕೈಕಾಲು ಆಡುವುದಿಲ್ಲ, ತಾನು ಏನೋ ತಪ್ಪು ಮಾಡಿದ ಹಾಗೆ ಆಗುತ್ತದೆ ಅಂತಲೂ ಅಂದಿದ್ದನಂತೆ. ಇವೆರಡರಲ್ಲಿ ಯಾವುದು ನಿಜ ಎಂದು ಕೇಳಿದೆ. ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿ, "ಎರಡೂ ಒಂದೇ ಉಸಿರಿನಾಗ ಅಂದ ಕಣವ್ವ" ಎಂದಳು. ಹೋಗುವಾಗ ಇದ್ದ ಗೊಂದಲ ಬರುವಾಗ ದುಪ್ಪಟ್ಟಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಫೋನು ಮತ್ತೆ ಗರ್ ಎನ್ನತೊಡಗಿತು. ಒಂದು ಸಂಜೆ ಅತ್ತೆಯ ಒಂದು ಮಾತೂ ಕೇಳಿಸಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಯಂತ್ರ ಅಂದ ಮೇಲೆ ಕೆಡುತ್ತದೆ, ಅದಕ್ಕೇನು ಮಾಡುವುದು ಎಂದು ಅವರು ಯಾರೂ ಕೇಳದೆಯೇ ಹೇಳುತ್ತಿದ್ದರು.

ಆ ವಾರ ಚಿಕ್ಕಪ್ಪ ಫೋನಿನ ಅಂಗಡಿಯವರನ್ನು ಕರೆದುಕೊಂಡು ತಾವೇ ನಮ್ಮ ಮನೆಗೆ ಬಂದರು. ಗೃಹಪ್ರವೇಶದ ಊಟ ಮಾಡಿ ಹೋದವರು ಮತ್ತೆ ಹೊಸ್ತಿಲು ತುಳಿದದ್ದು ಅವತ್ತೇ. ಅಪ್ಪನ ಮುಖ ಯಾಕೋ ಬಿಳಿಚಿತು. ಮಾಳಿಗೆಯ ಮೇಲೆ ಏನೂ ಆಗಿಲ್ಲ, ಕೂಡ್ರಿ, ಮೊದಲು ಚಾ ಆಗಲಿ ಎಂದು ಅಂಗಡಿಯವರನ್ನು ತಡೆಯಲು ನೋಡಿದರು. ಚಿಕ್ಕಪ್ಪ ಆಗಲೇ ಮೆಟ್ಟಿಲು ಹತ್ತುತ್ತಿದ್ದರು, ನಾನೂ ಹಿಂದೆಯೇ ಹೋದೆ.

ಏರಿಯಲ್ ನೆಟ್ಟಗೇ ಇತ್ತು. ಕೇಬಲ್ ಸೇರುವ ಜಾಗದಲ್ಲಿ ತಿರುಪು ಬಿಚ್ಚಿತ್ತು. ತಾನಾಗಿ ಬಿಚ್ಚಿಕೊಂಡದ್ದಲ್ಲ. ಬಿಚ್ಚಿದ ತುದಿಗೆ ಮಳೆನೀರು ಹೋಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಸೆಣಬಿನ ದಾರದಿಂದ ಬಿಗಿಯಾಗಿ ಕಟ್ಟಲಾಗಿತ್ತು. ಕಾಳಿನ ಚೀಲದ ಬಾಯಿಗೆ ಅಪ್ಪ ಹಾಕುತ್ತಿದ್ದ ಗಂಟು ಅದು. ಆ ಗಂಟನ್ನು ಚಿಕ್ಕಪ್ಪನಿಗೆ ಕಲಿಸಿದವರೂ ಅಪ್ಪನೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚಿಕ್ಕಪ್ಪ ಆ ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತ ಎಷ್ಟೋ ಹೊತ್ತು ನಿಂತರು. ಚೀಲ ತೆರೆದು ಉಪಕರಣ ತೆಗೆಯುತ್ತಿದ್ದ ಅಂಗಡಿಯವರಿಗೆ, ಇದು ರಿಪೇರಿಯಾಗುವಂಥದ್ದಲ್ಲ, ನೀವು ಹೊರಡ್ರಿ ಎಂದರು.

ಕೆಳಗೆ ಅಪ್ಪ ಪಡಸಾಲೆಯ ನಡುವೆ ನಿಂತೇ ಇದ್ದರು. ಚಿಕ್ಕಪ್ಪ ಅವರ ಮುಖ ನೋಡದೆ, ಗೋಡೆಯ ಕಡೆ ತಿರುಗಿ ಹೇಳಿದರು: "ಗಾಳಿಗೆ ಹಾಳಾಗೈತೆ ಅಣ್ಣ. ಬಿಡು."

"ದಿನಾ ಬಂದ್ರೆ ನಿನ್ನ ಮನಿಯಾಗ ತೊಂದರಿ ಆಗಲ್ಲೇನು?" ಎಂದು ಅಪ್ಪ ಕೇಳಿದರು. ಕೇಳಬಾರದು ಎಂದು ನನಗೆ ಗದರಿದ್ದ ಮಾತನ್ನು ಅವರೇ ಕೇಳಿಬಿಟ್ಟಿದ್ದರು.

"ಆಗ್ತಿತ್ತು," ಎಂದರು ಚಿಕ್ಕಪ್ಪ. "ನೀ ಬರಾದು ನಿಂತ ಮ್ಯಾಲೆ ಏಳು ಗಂಟೆಗೆ ಎಲ್ರೂ ಬಾಗ್ಲ ಕಡೆ ನೋಡ್ಕೊಂತ ಕೂಡ್ತಿದ್ರು. ಅದು ಇನ್ನೂ ತೊಂದರಿ."

ಅಪ್ಪ ಒಳಗೆ ಹೋಗಿ ಅವ್ವನಿಗೆ, ತಮ್ಮ ಬಂದಾನೆ, ಎರಡು ರೊಟ್ಟಿ ಹೆಚ್ಚಿಗೆ ತಟ್ಟು ಎಂದರು. ಅವ್ವ ನನ್ನ ಕಡೆ ನೋಡಿ ಮೇಲೆ ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ಗಾಳಿಗೆ ಕೇಬಲ್ ಬಿಚ್ಚಿದೆ ಎಂದು ನಾನೂ ಹೇಳಿದೆ.