ದಿಲ್ಲಿಗೆ ಹಸಿದು ಹೋದ ಕೌದಿ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ರೊಟ್ಟಿ ಬಡಿಯಲು ಕುಳಿತಿದ್ದೆ. ಒಂದು ಹಂಚಿನ ಮೇಲಿತ್ತು, ಇನ್ನೊಂದು ಕೈಯಡಿಯಲ್ಲಿ ಅರ್ಧ ಅಗಲವಾಗಿತ್ತು. ಅಷ್ಟರಲ್ಲಿ ಫೋನು. ಕೈತುಂಬ ಹಿಟ್ಟು, ಕಿರುಬೆರಳಿಂದ ಒತ್ತಿದೆ. ನಮ್ಮ ಓಣಿಯ ಸಾಲಿ ಟೀಚರಮ್ಮ, ಮಕ್ಕಳನ್ನು ಕರಕೊಂಡು ದಿಲ್ಲಿ ತೋರಿಸಲು ಹೋದವಳು, ವಿಡಿಯೋ ಕಾಲ್ ಮಾಡಿದ್ದಳು. ಅವಳ ಮುಖ ಕಾಣುವ ಬದಲು ಗೋಡೆಗೆ ತೂಗುಹಾಕಿದ ಒಂದು ಕೌದಿ ಕಂಡಿತು. ನಡುವೆ ನಮ್ಮತ್ತೆಯ ಹಸಿರು ಇಳಕಲ್ ಸೀರೆಯ ತುಂಡು.

“ಕಾಕೂ, ಇದು ನಿಮ್ಮ ಮನೀದೇ ಹೌದಲ್ರಿ? ಚೀಟಿ ಮ್ಯಾಲ ನಮ್ಮೂರು ಮಾದನಹಿಪ್ಪರಗಾ ಅಂತ ಬರದಾರ.”

ನಾನು ಉತ್ತರ ಕೊಡುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆ ಕೌದಿ ಮನೆ ಬಿಟ್ಟು ಹೋದ ದಿನವೂ ಹೀಗೇ ಒಂದು ರೊಟ್ಟಿ ಸೀದಿತ್ತು…

ಆ ಕೌದಿ ಹೊಲಿಸಿಕೊಂಡವರನ್ನು ನಾವು ದಿಲ್ಲಿ ಅವ್ವಾರು ಅನ್ನುತ್ತಿದ್ದೆವು. ಇಡೀ ದೇಶಕ್ಕೆ ಗೊತ್ತಿದ್ದ ದೊಡ್ಡ ನಾಯಕರ ಹೆಂಡತಿ. ಕೈಮಗ್ಗದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಊರೂರು ತಿರುಗಿ ನೇಯುವವರನ್ನು, ಹೊಲಿಯುವವರನ್ನು ಹುಡುಕಿ ಅವರ ಕೆಲಸವನ್ನು ದಿಲ್ಲಿಗೆ ಒಯ್ದು ತೋರಿಸಿದವರು. ಹೋದ ತಿಂಗಳು ತೀರಿಕೊಂಡರೆಂದು ಟಿವಿಯಲ್ಲಿ ನೋಡಿ ವಿಭೂತಿ ಹಚ್ಚಿಕೊಂಡು ಕೈಮುಗಿದಿದ್ದೆ. ಈಗ ಅವರು ಕೂಡಿಸಿದ ಬಟ್ಟೆಗಳನ್ನೆಲ್ಲ ಅವರ ಮನೆಯಲ್ಲೇ ಜನರಿಗೆ ನೋಡಲು ಇಟ್ಟಿದ್ದಾರಂತೆ.

ಅವರು ನಮ್ಮ ಮನೆಗೆ ಬಂದಾಗ ನಾನು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಬಂದ ಹೊಸ ಸೊಸೆ. ಆಳಂದದಲ್ಲಿ ಅವರ ಯಜಮಾನರ ಸಭೆಯಿತ್ತು. ಇವರು ವೇದಿಕೆ ಹತ್ತಲಿಲ್ಲ, ಹಳ್ಳಿ ನೋಡುತ್ತೇನೆಂದು ಹೊರಟರಂತೆ. ನಮ್ಮ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿ ಕಂಡು ಗಾಡಿ ನಿಲ್ಲಿಸಿ, ಕೆಳಗಿಳಿದು, ಅದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತ ನಿಂತುಬಿಟ್ಟರು. ನಾನು ಬಾಗಿಲ ಸಂದಿಯಿಂದ ಅವರ ಸೀರೆ ನೋಡಿದೆ. ದಪ್ಪ ನೂಲಿನದು, ಮಣ್ಣಿನ ಬಣ್ಣದ್ದು. ದೊಡ್ಡವರ ಹೆಂಡತಿ ಇಷ್ಟು ಸಾದಾ ಉಡುತ್ತಾರಾ ಅಂತ ನನಗೆ ಆಶ್ಚರ್ಯ.

ಪಡಸಾಲೆಯಲ್ಲಿ ಅತ್ತೆಯ ಎದುರು ನೆಲದ ಮೇಲೇ ಕುಳಿತರು. ಅವರದು ಹಿಂದಿ. ನಮ್ಮತ್ತೆಗೆ ಬರುತ್ತಿದ್ದದ್ದು ಸಂತೆಯಲ್ಲಿ ಕಲಿತ ಉರ್ದು, ಅದರಲ್ಲಿ ಅರ್ಧ ಕನ್ನಡ. ಆದರೂ ಇಬ್ಬರ ಮಾತು ಎಲ್ಲೂ ನಿಲ್ಲಲಿಲ್ಲ. ಹಳೆಯ ಸೀರೆ ಹೇಗೆ ಒಂದರ ಮೇಲೊಂದು ಹಾಸಬೇಕು, ದಾರದ ಸಾಲು ಹೇಗೆ ಹೊರಗಿನಿಂದ ಒಳಕ್ಕೆ ಸುತ್ತಿ ಬರಬೇಕು, ಎಲ್ಲ ಕೇಳಿದರು. ಆಮೇಲೆ ತಾವೇ ಸೂಜಿ ಇಸಿದುಕೊಂಡು ಕೆಂಪು ದಾರದಲ್ಲಿ ಒಂದು ಗೇಣು ಹೊಲಿದರು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಮತ್ತೊಂದು ಸಾಲು ಬಿಟ್ಟು ಆಚೆ. ಅತ್ತೆ ಅದನ್ನು ನೋಡಿ, “ಈ ಹೊಲಿಗಿ ನೋಡಿ ನಿಮ್ಮತ್ತಿ ಸುಮ್ಮ ಬಿಟ್ಟಾಳೇನ್ರಿ?” ಅಂದರು. ಜೊತೆಗೆ ಬಂದಿದ್ದ ಅಧಿಕಾರಿಣಿ ಹೆದರುತ್ತಲೇ ಅದನ್ನು ಹಿಂದಿಯಲ್ಲಿ ಹೇಳಿದರು. ದಿಲ್ಲಿ ಅವ್ವಾರು ಸೂಜಿ ಬಿದ್ದುಹೋಗುವಷ್ಟು ನಕ್ಕರು.

ಆಗಲೇ ಅತ್ತೆ ತುತ್ತಿನ ಮಾತು ಹೇಳಿದ್ದು. ನಮ್ಮಲ್ಲಿ ಕೌದಿಯ ಕಡೆಯ ಮೂಲೆಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟಿರುತ್ತೇವೆ. ಅದರೊಳಗೆ ಅರಿಷಿಣ ಹಚ್ಚಿದ ಒಂದು ಚೂರು ರೊಟ್ಟಿ ಇಟ್ಟು, ಆಮೇಲೆ ಹೊಲಿದು ಮುಚ್ಚುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ನಮ್ಮತ್ತೆಯ ನಂಬಿಕೆ. ಅವ್ವಾರ ಬೆರಳು ಹಿಡಿದು ನಮ್ಮ ಹಳೆಯ ಕೌದಿಯ ಮೂಲೆಯ ಮೇಲೆ ಇಟ್ಟರು. ಅವರು ಒತ್ತಿ ನೋಡಿ, ಒಳಗೆ ಏನೋ ಗಟ್ಟಿಯಾಗಿ ಸಿಕ್ಕಾಗ ಸಣ್ಣ ಹುಡುಗಿಯ ಹಾಗೆ ಕಣ್ಣರಳಿಸಿದರು. ತಮಗೂ ಒಂದು ಹೊಲಿದು ಕೊಡಬೇಕು ಎಂದು ಹೇಳಿ ಹೋದರು.

ಅದನ್ನು ಹೊಲಿದ ದಿನಗಳು ನನಗೆ ಹಬ್ಬ. ಓಣಿಯ ಹೆಂಗಸರೆಲ್ಲ ಒಂದೊಂದು ತುಂಡು ತಂದುಕೊಟ್ಟರು. ಕಡೆಯ ಮೂಲೆ ಮುಚ್ಚುವುದನ್ನು ಅತ್ತೆ ನನಗೆ ಬಿಟ್ಟರು. ಕಿಣ್ಣಿಯವರಿಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದವರು ಅವರು. ಅವತ್ತು ಅವರೇ ನನ್ನ ಮುಂದೆ ಕೌದಿ ಸರಿಸಿದರು. ಹಂಚಿನ ಮೇಲೆ ರೊಟ್ಟಿ ಹಾಕಿ, ಹಿಂದಿನ ರೊಟ್ಟಿಯ ಒಂದು ಚೂರು ಮುರಿದು ಸೆರಗಿನ ತುದಿಗೆ ಕಟ್ಟಿಕೊಂಡು ಕುಳಿತೆ. ಅಷ್ಟರಲ್ಲಿ ಕೌದಿ ಒಯ್ಯಲು ಆಳಂದದಿಂದ ಬರಬೇಕಿದ್ದ ಜೀಪು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿತು. ಓಣಿಯಲ್ಲಿ ಗದ್ದಲ, ಒಳಗೆ ರೊಟ್ಟಿ ಸೀಯುವ ವಾಸನೆ, ಬಾಗಿಲಲ್ಲಿ ಹಾರನ್ನು. ಸರಸರ ಹೊಲಿದು, ದಾರ ಕಡಿದು, ಕೌದಿ ಮಡಚಿ ಕೊಟ್ಟೆ.

“ತುತ್ತು ಇಟ್ಟಿದೇನ್ ಬೇ?” ಅಂದರು ಅತ್ತೆ.

“ಇಟ್ಟೇನ್ರಿ ಅತ್ತಿ.”

ಇಟ್ಟಿದ್ದೇನೆಂದೇ ನಾನು ತಿಳಿದಿದ್ದೆ. ಸಂಜೆ ಸೀರೆ ಬದಲಿಸುವಾಗ ಸೆರಗಿನ ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ರೊಟ್ಟಿಯ ಚೂರು…

ಹೇಳಬೇಕಿತ್ತು. ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಅವ್ವಾರ ಕಾಗದ ಬಂತು. ಮಾಸ್ತರು ಓದಿ ಹೇಳಿದರು: ಕೌದಿ ಬಹಳ ಚೆನ್ನಾಗಿದೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಸುಖದ ನಿದ್ದೆ. ದೊಡ್ಡವರು ಬಾಯಿಮಾತಿಗೆ ಬರೆದದ್ದು ಅಂದುಕೊಂಡೆ. ಅವರು ಕೇಳಿದರೆಂದು ನಮ್ಮ ಓಣಿಯಿಂದ ಮತ್ತೆಷ್ಟೋ ಕೌದಿ ದಿಲ್ಲಿಗೆ ಹೋದವು, ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಆಡಿತು. ಪ್ರತಿಯೊಂದರ ಮೂಲೆಯನ್ನೂ ನಾನು ಎರಡೆರಡು ಸಲ ಒತ್ತಿ ನೋಡಿ ಕಳಿಸಿದೆ. ಮುಂದೆ ಅವರ ಯಜಮಾನರು ಹಾಸಿಗೆ ಹಿಡಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಅತ್ತೆ, ನಮ್ಮ ಕೌದಿ ಇದೆಯಲ್ಲ, ನಿದ್ದೆಯಾದರೂ ಬರುತ್ತದೆ ಅಂದರು. ನನಗೆ ಊಟ ಸೇರಲಿಲ್ಲ. ಅತ್ತೆ ಲಿಂಗೈಕ್ಯರಾಗುವ ದಿನವೂ ಆ ಮಾತು ನನ್ನ ನಾಲಿಗೆ ತುದಿಯಲ್ಲೇ ಉಳಿಯಿತು.

ಅದಕ್ಕೇ ಇವತ್ತು ಟೀಚರಮ್ಮನಿಗೆ ಮೊದಲು ಕೇಳಿದ್ದು ಆ ಮೂಲೆಯನ್ನೇ. ಎಡಗಡೆ, ಕೆಳಗೆ, ಹತ್ತಿರದಿಂದ ತೋರಿಸು ಅಂದೆ. ತೋರಿಸಿದಳು. ನಾನು ಬಿಳಿ ದಾರದಲ್ಲಿ ಮುಚ್ಚಿದ್ದೆ. ಅಲ್ಲಿ ಕೆಂಪು ದಾರವಿತ್ತು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಮತ್ತೊಂದು ಸಾಲು ಬಿಟ್ಟು ಆಚೆ.

ನನಗೆ ಕೂರಲಾಗಲಿಲ್ಲ, ಎದ್ದು ನಿಂತೆ. ಮುಟ್ಟಿ ನೋಡು, ಒಳಗೆ ಏನಿದೆ ನೋಡು ಎಂದು ಗೋಗರೆದೆ. ಮುಟ್ಟಲು ಬಿಡುವುದಿಲ್ಲ ಅಂದಳು. ಪಕ್ಕದಲ್ಲಿ ಅವ್ವಾರ ಮನೆಯಲ್ಲಿ ಬಹಳ ವರ್ಷ ಅಡುಗೆ ಮಾಡಿದ ಮುದುಕಿಯೊಬ್ಬರು ನಿಂತಿದ್ದರಂತೆ. ಅವರನ್ನೇ ಕೇಳಿ ಬಂದು ನನಗೆ ಹೇಳಿದಳು:

“ಕಾಕೂ, ಬಂದ ದಿನಾನೇ ಅವ್ವಾರು ಮೂಲಿ ಒತ್ತಿ ನೋಡಿದ್ರಂತ. ಪಾಪ, ದೂರದಿಂದ ಹಸದು ಬಂದದ ಅಂತ ಅಡಗಿಮನಿಯಿಂದ ಚಪಾತಿ ಚೂರು ತರಿಸಿ, ತಾವೇ ಹೊಲದ್ರಂತ.”

ಜೋಳದ ರೊಟ್ಟಿಯಲ್ಲ, ಗೋಧಿಯ ಚಪಾತಿ. ಆಗಲಿ, ಹಸಿವಿಗೆ ಅದೇನು ಭೇದ! ಇಷ್ಟು ವರ್ಷ ಅದು ಹಸಿದಿರಲಿಲ್ಲ. ಸೊಸೆಯ ತಪ್ಪನ್ನು ಅತ್ತೆಗೆ ತಿಳಿಸದೆ, ಆ ಕಾಗದದಲ್ಲಿ ಒಂದು ಅಕ್ಷರವೂ ಬಿಟ್ಟುಕೊಡದೆ, ಸುಖದ ನಿದ್ದೆ ಅಂತಷ್ಟೇ ಬರೆದಿದ್ದರು ಆ ತಾಯಿ.

ರಾತ್ರಿ ಮಲಗುವ ಮುಂಚೆ ಬಸವಣ್ಣನವರ ಪಟದ ಮುಂದೆ ಆ ದಿನದ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ನಳಕ್ಕೆ ನೀರು ಬಂತು, ಕಾಲುನೋವು ಕಡಿಮೆಯಾಯಿತು, ಹೀಗೆ. ಇವತ್ತು ರಾತ್ರಿಯ ತನಕ ಕಾಯಲಿಲ್ಲ. ಪಡಸಾಲೆಗೆ ಹೋಗಿ ಅತ್ತೆಯ ಫೋಟೋದ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ, ನನ್ನ ಸುಳ್ಳನ್ನೂ. ಕೇಳಿಸಿಕೊಂಡು ಬೈಯಲು ಅವರಿಲ್ಲ. ನಿಮ್ಮಿಂದ ಉಳಿದೆನವ್ವಾ ಎಂದು ಕಾಲು ಹಿಡಿಯೋಣವೆಂದರೆ ಆ ದಿಲ್ಲಿ ಅವ್ವಾರೂ ಇಲ್ಲ…

ಒಳಗೆ ಬಂದು ಸೀದ ರೊಟ್ಟಿ ತೆಗೆದು ಹಂಚು ಒರೆಸಿದೆ. ಹಿಟ್ಟು ಮೇಲೆಲ್ಲ ಒಣಗಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದತೊಡಗಿದೆ.