ಅಮ್ಮನನ್ನು ಮುಟ್ಟಬಹುದು ಎಂದರ್ಥ

“ಆಂಟಿ, ಇಟ್ಸ್ ನಾಟ್ ಕಂಟೇಜಿಯಸ್!”

ಬಾಗಿಲು ತೆರೆದ ಆರೇಳು ವರ್ಷದ ಹುಡುಗಿ ನನಗೆ ಹೇಳಿದ ಮೊದಲ ಮಾತು ಇದು. ಏನು ಅಂಟುವುದಿಲ್ಲವೋ ನನಗೆ ತಿಳಿಯಲಿಲ್ಲ. 2005ರೋ 2006ರೋ ಇರಬೇಕು. ಮಸ್ಕತ್ತಿನ ಅಲ್ ಹೈಲ್‌ನಲ್ಲಿ ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದಿದ್ದ ಬಿಜಾಪುರದವರು ಶ್ರಾವಣ ಶುಕ್ರವಾರದ ಅರಿಷಿಣ ಕುಂಕುಮಕ್ಕೆ ಕರೆದಿದ್ದರು.

ಒಳಗಿನಿಂದ ಹುಡುಗಿಯ ತಾಯಿ ಬಂದರು. ಬೆರಳುಗಳ ತುಂಬ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಕುಂಕುಮದ ಬಟ್ಟಲನ್ನು ನನ್ನತ್ತ ಚಾಚಿ, “ನೀವಽ ಹಚ್ಕೊಳ್ರಿ ಅಕ್ಕಾರ,” ಎಂದರು. ಬಂದವರ ಹಣೆಗೆ ಮನೆಯಾಕೆಯೇ ಕುಂಕುಮ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಆ ಬಟ್ಟಲು ಎಷ್ಟು ಜನರ ಮುಂದೆ ಹೀಗೆ ಚಾಚಿಕೊಂಡಿತ್ತೋ!

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಅಷ್ಟು ದೊಡ್ಡ ಶಬ್ದ ಹೇಳಿದೆಯಲ್ಲಾ, ಅದರ ಅರ್ಥ ಏನು ಪುಟ್ಟಿ?” ಎಂದೆ.

“ಮಮ್ಮೀನ ಮುಟ್ಟಬಹುದು ಅಂತ.”

ತಾಯಿ ತಲೆ ತಗ್ಗಿಸಿದರು. ನಾನು ಹಣೆಯೊಡ್ಡಿ, “ನೀವಽ ಹಚ್ಚರಿ. ನಾ ಹಚ್ಕೊಂಡ್ರ ಸೊಟ್ಟ ಆಗ್ತದ,” ಎಂದೆ. ಅವರು ಚಿಟಿಕೆ ಕುಂಕುಮ ತೆಗೆದು ಹಚ್ಚಿದರು. ಕುಂಕುಮ ನನ್ನ ಮೂಗಿನ ಮೇಲೂ ಉದುರಿತು.

“ಮಮ್ಮಿ, ನಿಂದೂ ಸೊಟ್ಟ!” ಎಂದು ಹುಡುಗಿ ನಕ್ಕುಬಿಟ್ಟಳು. ತಾಯಿಯೂ ನಕ್ಕರು.

ಆ ದಿನ ಮತ್ಯಾರು ಬಂದಿದ್ದರೆಂಬುದು ನನಗೆ ನೆನಪಿಲ್ಲ. ಹಣೆಯೊಡ್ಡುವ ಮೊದಲು ಒಂದು ಕ್ಷಣ ತಡೆದಿದ್ದೆನೇ ಎಂಬುದೂ ಖಚಿತವಿಲ್ಲ. ಆದರೆ ‘ಸಾಂಕ್ರಾಮಿಕ’ ಎಂಬ ಪದ ಎಲ್ಲಿ ಕಂಡರೂ, ಯಾರೂ ಕೇಳುವ ಮೊದಲೇ ಉತ್ತರ ಹೇಳಲು ಬಾಗಿಲಿಗೆ ಓಡಿ ಬಂದಿದ್ದ ಆ ಮಗು ಕಣ್ಣ ಮುಂದೆ ನಿಲ್ಲುತ್ತದೆ.