ದಕ್ಷಿಣದ ಕಿಟಕಿ ತೆಗೆಸಿದವನು

ಪುಟ್ಟಾಚಾರ್ರೇ, ಆ ಕಿಟಕಿ ಕೀಳಿಸಿದವನು ನಾನು. ನೀವಲ್ಲ. ಅವತ್ತು ಎಲ್ಲರ ಎದುರು ನಾನು ಹೇಳಿದ್ದು ಸುಳ್ಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ನಮ್ಮ ಹಳೇ ಕಲ್ಲು ಚರ್ಚಿನ ಕಾರ್ಯದರ್ಶಿ. ಅಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಬೆಂಗಳೂರಿನ ಕಟ್ಟಡ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿದ ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ಕಾಯುವುದು ನನ್ನ ಪಾಲಿಗೆ. ಕಾಯುವುದೆಂದರೆ ಅನುಮಾನಿಸುವುದು ಎಂದೇ ತಿಳಿದಿದ್ದೆ. ಗಾರೆಯವನು ಮರಳು ಹೆಚ್ಚು ಬೆರೆಸಿದ್ದಾನೆ, ಬಣ್ಣದವನು ನೀರು ಹೆಚ್ಚು ಹಾಕಿದ್ದಾನೆ — ನನ್ನ ಕಣ್ಣಿಗೆ ಯಾರೂ ಸಾಚಾ ಅಲ್ಲ. ನೀವು ಸಿ.ಎಸ್. ಪುರದಿಂದ ಬಂದ ಮರಗೆಲಸದವರು, ನಮ್ಮ ಚರ್ಚಿನ ಸಭೆಯವರೂ ಅಲ್ಲ. ದಿನಾ ಸಂಜೆ ನಿಮ್ಮ ಉಳಿ, ಸುತ್ತಿಗೆಯ ಚೀಲಕ್ಕೆ ಕೈಹಾಕಿ ತಡಕಿಯೇ ಗೇಟು ದಾಟಲು ಬಿಡುತ್ತಿದ್ದೆ. ನೀವೇನೂ ಅನ್ನುತ್ತಿರಲಿಲ್ಲ, ಅದರ ಮೇಲೂ ನನಗೆ ಅನುಮಾನ.

ಒಂದು ದಿನ ಸಮಿತಿಯ ಎಂಜಿನಿಯರ್ ಬಂದರು. ಗೋಡೆಯ ತೇವ ಮುಟ್ಟಿ ನೋಡಿ, "ದಕ್ಷಿಣದ ಕಿಟಕಿ ತೆಗೆಸಿ, ಗಾಳಿಯಾಡಲಿ" ಎಂದವರೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಸಾಗುವಾನಿ ಚೌಕಟ್ಟು, ಬಣ್ಣದ ಗಾಜಿನ ಕಿಟಕಿ ಅದು; ಪೇಂಟು ಬಳಿದು ಬಳಿದು ಕದ ಚೌಕಟ್ಟಿಗೇ ಅಂಟಿಕೊಂಡಿತ್ತು. ತೆಗೆಸಿ, ಅಂದರು. ಬಾಗಿಲು ತೆಗಿ ಅನ್ನುವ ಹಾಗೋ, ಹಲ್ಲು ತೆಗೆಸು ಅನ್ನುವ ಹಾಗೋ — ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ. ನಾನು ಕೇಳಲಿಲ್ಲ. ಅದೇ ಮಾತನ್ನು ನಿಮಗೆ ದಾಟಿಸಿದೆ.

ನೀವು ಕೇಳಿದಿರಿ.

"ಪೂರಾ ತೆಗ್ಯದಾ ಸಾರ್, ಚೌಕಟ್ಟೂ ಸೇರ್ಸಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು — ಅದೂ ನಿಮ್ಮ ಮುಂದೆ — ನಾಲಿಗೆ ಹೊರಳಲಿಲ್ಲ. ಇವನ ಕಣ್ಣು ಸಾಗುವಾನಿಯ ಮೇಲಿದೆ, ಅದಕ್ಕೇ ಕೇಳುತ್ತಿದ್ದಾನೆ ಎಂದು ಸಿಟ್ಟೂ ಬಂತು.

"ಹೂಂ ಕಣ್ರೀ, ತೆಗೀರಿ ಅಂದ್ನಲ್ಲ," ಎಂದು ರೇಗಿ, ಕುಣಿಗಲ್ಲಿಗೆ ನೆಂಟರ ಮದುವೆಗೆ ಹೊರಟುಹೋದೆ.

ಮರಳಿ ಬಂದಾಗ ಕಿಟಕಿಯ ಮೇಲಿನ ಕಮಾನಿನ ಗಾರೆ ಕುಸಿದಿತ್ತು. ಗಾಜೆಲ್ಲ ಚೂರು. ಚೌಕಟ್ಟನ್ನು ಜೋಪಾನವಾಗಿ ಗೋಡೆಗೆ ಒರಗಿಸಿಟ್ಟು ನೀವು ನೆಲ ಗುಡಿಸುತ್ತಿದ್ದಿರಿ.

ಸಮಿತಿ ವಿಚಾರಣೆಗೆ ಬಂತು. ನಿಮ್ಮನ್ನು ಬಾಗಿಲಾಚೆಯೇ ನಿಲ್ಲಿಸಿದ್ದರು. ತಾವು ಹೇಳಿದ್ದು ಕದ ತೆರೆಯಲು ಎಂದರು ಎಂಜಿನಿಯರ್. ನಾನೂ ಹಾಗೇ ಹೇಳಿದ್ದು ಎಂದೆ. "ಆಚಾರ್ರು ನಿಮ್ಮನ್ನೊಂದು ಮಾತು ಕೇಳಲಿಲ್ಲವೇ?" ಎಂದು ಪಾದ್ರಿಗಳು ನನ್ನನ್ನೇ ನೋಡಿದರು.

"ಇಲ್ಲ ಅಯ್ಯ, ಏನೂ ಕೇಳ್ಲಿಲ್ಲ."

ಮರದ ಆಸೆಗೆ ಕಿತ್ತಿದ್ದಾನೆ ಎಂದು ಯಾರೋ ಗೊಣಗಿದರು. ಅಂದವನು ನಾನಲ್ಲ. ಆದರೆ ಕಲಿಸಿದವನು ನಾನೇ — ದಿನಾ ನಿಮ್ಮ ಚೀಲ ತಡಕುವುದನ್ನು ಎಲ್ಲರೂ ನೋಡಿದ್ದರಲ್ಲ.

ಅವತ್ತು ಗೇಟಿನ ಬಳಿ ನೀವೇ ಚೀಲವನ್ನು ಬೋರಲು ಮಾಡಿ ನನ್ನ ಕಾಲ ಮುಂದೆ ಸುರಿದಿರಿ. "ನೋಡ್ಕಳಿ ಸಾರ್," ಎಂದಿರಿ. ಒಂದೊಂದೇ ಉಳಿ ಆಯ್ದುಕೊಂಡು ಹೋದಿರಿ. ಆಮೇಲೆ ತುಮಕೂರಿನಲ್ಲಿ ನಿಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಗುಬ್ಬಿಯವರೆಗೂ ಸುದ್ದಿ ಹೋಗಿತ್ತಂತೆ.

ನನ್ನನ್ನೋ, ಕಟ್ಟುನಿಟ್ಟಿನ ಮನುಷ್ಯ ಎಂದು ಆ ಕಟ್ಟಡ ಸಮಿತಿಗೇ ಸೇರಿಸಿಕೊಂಡರು. ಎಂಬತ್ತರ ದಶಕವಿಡೀ ಹಳೇ ಚರ್ಚುಗಳಲ್ಲಿ ಯಾರು ಏನನ್ನು ಮುಟ್ಟಬಹುದು ಎಂದು ತೀರ್ಮಾನಿಸುತ್ತ ಬಂದಿದ್ದೇನೆ — ನಾನು.

ಇದನ್ನು ಬರೆಯುವ ಮುಂಚೆ ನಿಮ್ಮ ಊರಿನವರೊಬ್ಬರನ್ನು ವಿಚಾರಿಸಿದೆ. ಆಚಾರ್ರು ಇದ್ದಾರೆ, ಗಟ್ಟಿಯಾಗೇ ಇದ್ದಾರೆ ಎಂದರು. ನನಗೆ ಆದದ್ದು ಸಂತೋಷವಲ್ಲ, ಭಯ. ಇಲ್ಲ ಅಂದಿದ್ದರೆ ಹಗುರವಾಗುತ್ತಿತ್ತೇನೋ... ಈಗ ನನಗೆ ಅನುಮಾನವಿರುವುದು ನನ್ನೊಬ್ಬನ ಮೇಲೆ.

ಈ ಭಾನುವಾರ ಆರಾಧನೆ ಮುಗಿದ ಮೇಲೆ, ಇಟ್ಟಿಗೆ ಕಟ್ಟಿ ಮುಚ್ಚಿರುವ ಆ ಕಿಟಕಿಯ ಕೆಳಗೆ ನಿಂತು ಸಭೆಗೆ ಹೇಳುತ್ತೇನೆ: ಆಚಾರ್ರು ಕೇಳಿದ್ದರು, ನಾನು ಹೂಂ ಅಂದಿದ್ದೆ. ಸೋಮವಾರ ನಿಮ್ಮ ಮನೆಗೆ ಬಂದು ಬಾಗಿಲು ತಟ್ಟುತ್ತೇನೆ. ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು.